ಹದಿನೆಂಟು ಕೋರಾ ಕೋಟುಗಳು

"ಯಾರು ಹೋದ್ರಮ್ಮಾ?"

ಅಷ್ಟು ಹೊತ್ತು ಗಟ್ಟಿಯಾಗಿ ಮಾತಾಡುತ್ತಿದ್ದ ಬಟ್ಟೆ ಅಂಗಡಿಯ ಶೆಟ್ಟರು ಒಮ್ಮೆಲೇ ದನಿ ತಗ್ಗಿಸಿ ಕೇಳಿದರು. ನಾನು ಕೇಳಿದ್ದು ಕೋರಾ ಬಟ್ಟೆ. ಮಗ್ಗದಿಂದ ಇಳಿದ ಮೇಲೆ ನೀರು ಕಾಣದ, ಬಿಳುಪು ಮಾಡದ, ಬಣ್ಣ ಹಾಕದ ಹತ್ತಿ ಬಟ್ಟೆ. ಗಡಿಯಾಚೆ ಆಂಧ್ರದಲ್ಲಿರುವ ನಮ್ಮ ಆದವಾನಿಯಲ್ಲಿ ಹೆಂಗಸೊಬ್ಬಳು ಬೆಳಿಗ್ಗೆ ಹತ್ತು ಗಂಟೆಗೆ ಒಂಟಿಯಾಗಿ ಅಂಗಡಿಗೆ ಬಂದು ಕೋರಾ ಕೇಳಿದರೆ ಮನೆಯಲ್ಲಿ ಹೆಣ ಇದೆ ಎಂದೇ ತಿಳಿಯುತ್ತಾರೆ. ನಾನು ಉತ್ತರ ಕೊಡುವ ಮುಂಚೆಯೇ ಅವರು ಬಟ್ಟೆಯ ತಾನನ್ನು ನನ್ನ ಮುಂದೆ ಬಿಚ್ಚಿ ಹಾಸಿದರು. ಹುಳಿ ಬಂದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಕೆಲವು ವರ್ಷಗಳ ಹಿಂದೆ ನಾನು ಬಟ್ಟೆಯನ್ನು ಹೊರಗಿನಿಂದ ತರಿಸದೆ ಇವರ ಅಂಗಡಿಗೇ ಬಂದಿದ್ದರೆ, ಇವರು ಇದೇ ಮಾತು ಕೇಳಿದ್ದರೆ, ಆ ವರ್ಷದ ಅರ್ಧ ಫಜೀತಿ ತಪ್ಪುತ್ತಿತ್ತಲ್ಲ ಎನಿಸಿ ನನಗೆ ಅಲ್ಲೇ ನಗು ಬಂತು. ಶೆಟ್ಟರು ಗಾಬರಿಯಾದರು. ಮನೆಯಲ್ಲಿ ಹೆಣ ಇಟ್ಟುಕೊಂಡು ನಗುವ ಹೆಂಗಸನ್ನು ಅವರು ಅದುವರೆಗೆ ನೋಡಿರಲಿಕ್ಕಿಲ್ಲ.

ಆ ವರ್ಷವಷ್ಟೇ ನಾನು ಶಾಲೆಯಿಂದ ನಿವೃತ್ತಳಾಗಿದ್ದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಹೇಳಿ, ಕಂಡದ್ದನ್ನೆಲ್ಲ ಮೂಸಿ, ಮುಟ್ಟಿ, ಸುಟ್ಟು ನೋಡುವ ಚಟ ಅಂಟಿಸಿಕೊಂಡವಳು ನಾನು. ಮನೆಯಲ್ಲಿ ಕೂತಿರುವುದೆಂದರೆ ಸೆರೆಮನೆಯೇ. ನಮ್ಮ ಯಜಮಾನರು ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯನ್ನೂ, ಮೈದುನ ಬಸಣ್ಣ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲನ್ನೂ ನೋಡಿಕೊಳ್ಳುತ್ತಿದ್ದರು. ದಸರೆ ಮುಗಿದರೂ ಮಳೆ ಬಿಟ್ಟಿರಲಿಲ್ಲ. ಹತ್ತಿ ತೇವವಾಗಿಯೇ ಬರುತ್ತಿತ್ತು, ಮಿಲ್ಲಿನ ಅಂಗಳದಲ್ಲಿ ಹರವಿದರೆ ಮಧ್ಯಾಹ್ನ ಮತ್ತೆ ಮೋಡ. ಅಂಥ ಒಂದು ದಿನ ಬಸಣ್ಣ ಊಟದ ಹೊತ್ತಿಗೆ ಒಂದು ಕಾಗದ ತಂದು ನನ್ನ ಮುಂದಿಟ್ಟ.

"ಅತ್ತಿಗಿ, ಇದನ್ನ ಸ್ವಲ್ಪ ಓದಿ ನೋಡ್ರಿ. ಹತ್ತಿ ಬಗ್ಗೆ ಬರದಾರೋ ಬಟ್ಟಿ ಬಗ್ಗೆ ಬರದಾರೋ ನನಗ ತಿಳೀವಲ್ದು."

ನಮ್ಮ ಬೇಲುಗಳನ್ನು ಕೊಳ್ಳುವ ತಮಿಳುನಾಡಿನ ನೂಲಿನ ಮಿಲ್ಲಿನವರು ಬರೆದದ್ದು. ಹಿಂದಿನ ಸುಗ್ಗಿಯ ಹತ್ತಿಯಲ್ಲಿ ನೀಲಿ, ಕೆಂಪು ಎಳೆಗಳೂ ಪ್ಲಾಸ್ಟಿಕ್ ಎಳೆಗಳೂ ಸಿಕ್ಕಿದ್ದವಂತೆ. ಅವು ನೂಲಿನೊಳಗೆ ಸೇರಿ, ಬಟ್ಟೆಯಾಗಿ, ಬಣ್ಣ ಹಾಕಿದ ಮೇಲೆ ಕಲೆಯಾಗಿ ಕಾಣುತ್ತವೆ. ಅವರಿಂದ ಕೊಳ್ಳುವ ಪರದೇಶದವರು ಈಗ ಹೊಲದಿಂದ ಹಿಡಿದು ಅಂಗಿಯವರೆಗೆ ಎಲ್ಲವೂ ಪರಿಸರಕ್ಕೆ ಒಗ್ಗುವಂತಿರಬೇಕು ಎನ್ನುತ್ತಾರೆ. ಆದ್ದರಿಂದ ಹತ್ತಿ ಆರಿಸುವ ಕೆಲಸಗಾರರಿಗೆ ಎಳೆ ಉದುರದ, ಪರಿಸರಸ್ನೇಹಿಯಾದ ಕೆಲಸದ ಉಡುಪು ಕೊಡಬೇಕು. ಸಂಕ್ರಾಂತಿಗೆ ಮುಂಚೆ ತಮ್ಮವರು ಬಂದು ನೋಡುತ್ತಾರೆ. ಆಗಲೂ ಎಳೆ ಸಿಕ್ಕರೆ ಕೈಯಿಂದ ಆರಿಸಿದ ಹತ್ತಿ ತಮಗೆ ಬೇಡ. ಕಾಗದದ ಸಾರ ಇಷ್ಟು.

"ಹಂಗಾದ್ರ ಏನು ಮಾಡ್ತೀಯಪ್ಪಾ?" ಎಂದೆ.

"ಏನು ಮಾಡೋದು? ಕ್ಯಾಮೆರಾ ಇಟ್ಟು ಎಳಿ ಹುಡುಕೋ ಮಷೀನ್ ಬಂದೈತಿ. ಅದನ್ನ ಕೂಡ್ಸಿ, ಆರಿಸೋ ಶೆಡ್ಡು ಮುಚ್ಚೋದು."

ಆ ಶೆಡ್ಡಿನಲ್ಲಿ ಹದಿನೆಂಟು ಹೆಂಗಸರಿದ್ದರು. ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು. "ಸಂಕ್ರಾಂತಿ ತನಕ ಈ ಬಟ್ಟಿ ಕೆಲಸ ನನಗ ಬಿಡು" ಎಂದುಬಿಟ್ಟೆ. ಅವರ ಮೇಲಿನ ಕನಿಕರ ಎಷ್ಟು, ನನ್ನ ಕುತೂಹಲ ಎಷ್ಟು ಎಂದು ಈಗ ಕೇಳಿದರೆ ಅರ್ಧರ್ಧ ಎನ್ನುತ್ತೇನೆ.

ಮರುದಿನವೇ ಶೆಡ್ಡಿಗೆ ಹೋದೆ. ತಂತಿ ಜಾಲರಿಯ ಉದ್ದನೆಯ ಮೇಜುಗಳ ಎರಡೂ ಬದಿಗೆ ಹೆಂಗಸರು ನಿಂತು ಹತ್ತಿ ಹರಡಿ ಆರಿಸುತ್ತಿದ್ದರು. ಎಲೆಚೂರು, ತಲೆಗೂದಲು, ಗುಟ್ಕಾ ಚೀಟಿ, ಗೊಬ್ಬರದ ಚೀಲದ ಎಳೆ ಎಲ್ಲವೂ ಅವರ ಬೆರಳಿಗೆ ಸಿಗುತ್ತಿದ್ದವು. ಒಮ್ಮೆ ಒಂದು ಮಗುವಿನ ಕಾಲುಗೆಜ್ಜೆಯೂ ಸಿಕ್ಕಿತ್ತಂತೆ. ಎಲ್ಲರದೂ ಒಂದೇ ವೇಷ. ಮಿರಿಮಿರಿ ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ, ತಲೆಗೆ ಟವಲು. ಸೆರಗನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದರೆ ಯಂತ್ರದ ಪಟ್ಟಿಗೆ ಸಿಗುವುದಿಲ್ಲ, ಮೈಗೆ ಧೂಳು ಹತ್ತುವುದಿಲ್ಲ. ಅಂಗಿಗಳು ಗಂಡಂದಿರವು, ಅಣ್ಣತಮ್ಮಂದಿರವು, ಒಂದೆರಡು ಮಕ್ಕಳ ಸ್ಕೂಲ್ ಯೂನಿಫಾರ್ಮಿನವು. ಯೋಚನೆ ಮಾಡಿ ಕಂಡುಕೊಂಡ ಉಡುಪು ಅದು, ನಮ್ಮಂಥವರು ಹೇಳಿಕೊಟ್ಟದ್ದಲ್ಲ. ಒಂದೇ ಕುಂದೆಂದರೆ ಕಾಲರು, ತೋಳಿನ ತುದಿ ಎಲ್ಲ ಪಿಸಿದು ಎಳೆ ಜೋತಾಡುತ್ತಿದ್ದವು. ನೀಲಿ ಎಳೆ ಎಲ್ಲಿಂದ ಬಂತೆಂದು ತಿಳಿಯಲು ಕ್ಯಾಮೆರಾ ಬೇಕಿರಲಿಲ್ಲ.

ಶೆಡ್ಡಿನ ಮುಖ್ಯಸ್ಥೆ ಉರುಕುಂದಮ್ಮ. ಪಕ್ಕದ ಹಳ್ಳಿ ಪೆದ್ದಹರಿವಾಣದವಳು, ಐವತ್ತರ ಆಸುಪಾಸು, ಗಂಡ ತೀರಿ ಹತ್ತು ವರ್ಷವಾಗಿತ್ತು. ಆಕೆ ನಕ್ಕರೆ ಶೆಡ್ಡು ನಗುತ್ತಿತ್ತು, ಆಕೆ ಸುಮ್ಮನಾದರೆ ಶೆಡ್ಡು ಸುಮ್ಮನೆ. ನಾನು ಒಬ್ಬೊಬ್ಬರ ಅಂಗಿಯಿಂದಲೂ ಸೀರೆಯಿಂದಲೂ ಒಂದೊಂದು ಎಳೆ ಕಿತ್ತು ಪುಸ್ತಕದ ಹಾಳೆಯ ನಡುವೆ ಇಟ್ಟುಕೊಳ್ಳುವುದನ್ನು ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಟೀಚರಮ್ಮ, ಮಾಟ ಗೀಟ ಮಾಡ್ಸಾಕೇನ್ರಿ?"

"ಸುಡಾಕ."

"ಅಯ್ಯ, ಅದೂ ಅದೇ ಅಲ್ರಿ!"

ಜಿನ್ನಿಂಗ್ ಮಿಲ್ಲಿನ ಗೇಟಿನೊಳಗೆ ಬೆಂಕಿಕಡ್ಡಿ ತರುವಂತಿಲ್ಲ. ಒಂದು ಕಿಡಿ ಸಾಕು, ಎಲ್ಲವೂ ಹೋದಂತೆಯೇ. ಹಾಗಾಗಿ ಊಟದ ಬಿಡುವಿನಲ್ಲಿ ಗೇಟಿನಾಚೆಯ ಚಹಾದ ಹೋಟೆಲಿನ ಕಟ್ಟೆಯ ಮೇಲೆ ನನ್ನ ಪ್ರಯೋಗ ನಡೆಯಿತು. ಹತ್ತಿಯ ಎಳೆ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಕರಿಯ ಮಣಿಯಾಗುತ್ತದೆ. ನಾನು ಸುಟ್ಟ ಎಳೆಗಳಲ್ಲಿ ಒಂದೂ ಬೂದಿಯಾಗಲಿಲ್ಲ. ಕಟ್ಟೆಯ ಮೇಲೆ ಸಾಲಾಗಿ ಮಣಿಗಳು. ಹಟ ಬಂದು ಹೋಟೆಲಿನವನ ಲುಂಗಿಯ ಎಳೆ ಸುಟ್ಟೆ, ಮಣಿ. ನನ್ನ ಸೀರೆಯದೇ ಒಂದು ಎಳೆ ಸುಟ್ಟೆ. ಶಾಲೆಗೆ ಮೂವತ್ತು ವರ್ಷ ಕಾಟನ್ ಎಂದುಕೊಂಡು ಉಟ್ಟು ಹೋದ ಸೀರೆಗಳ ಪೈಕಿ ಅದೊಂದು. ಅದೂ ಮಣಿ!

ಉರುಕುಂದಮ್ಮ ಕಟ್ಟೆಯ ಕಡೆ ಬಗ್ಗಿ ನೋಡಿದಳು. "ದಿನಾ ಹತ್ತ್ಯಾಗ ಮುಣುಗಿ ಏಳ್ತೀವಿ ಟೀಚರಮ್ಮ. ಮೈಮ್ಯಾಲ ಒಂದೆಳಿ ಹತ್ತಿ ಇಲ್ಲ ನೋಡ್ರಿ ಮತ್ತ" ಎಂದಳು. ನಗುತ್ತಲೇ ಹೇಳಿದಳು, ನನಗೆ ಮಾತ್ರ ನಗಲು ಆಗಲಿಲ್ಲ.

ಬಸಣ್ಣ ಒಬ್ಬ ಏಜೆಂಟನನ್ನು ಕರೆಸಿದ. ಆತ ತಂದದ್ದು ಖಾಲಿ ನೀರಿನ ಬಾಟಲಿ ಕರಗಿಸಿ ಮಾಡಿದ ಬಟ್ಟೆಯ ಕೋಟು. ಹಸಿರು ಎಲೆಯ ಚಿತ್ರದ ಚೀಟಿ ಬೇರೆ. ಕಸವನ್ನು ಬಟ್ಟೆ ಮಾಡುವುದು ಕೆಟ್ಟ ಕೆಲಸವೇನಲ್ಲ; ಮಳೆಯಲ್ಲಿ ನಿಲ್ಲುವವರಿಗೆ, ಗಾಡಿ ಓಡಿಸುವವರಿಗೆ ಒಳ್ಳೆಯದೇ ಇರಬಹುದು. ಆದರೆ ಉಜ್ಜಿದರೆ ಅದೂ ಎಳೆ ಬಿಡುತ್ತದೆ, ಆ ಎಳೆ ನಮ್ಮ ಹತ್ತಿಗೆ ಬಿದ್ದರೆ ಬಂದ ದೂರೇ ಮತ್ತೆ ಬಂದಂತೆ. ಬಟ್ಟೆ ಪರಿಸರಕ್ಕೆ ಒಳ್ಳೆಯದೇ ಎಂದು ಕೇಳಿದರೆ ಸಾಲದು, ಯಾವ ಕೆಲಸಕ್ಕೆ ಎಂದೂ ಕೇಳಬೇಕು ಎಂಬುದು ನನಗೆ ಅಂದು ಹೊಳೆಯಿತು. ಹತ್ತಿಯ ನಡುವೆ ಕೆಲಸ ಮಾಡುವವರಿಗೆ ಬಣ್ಣವಿಲ್ಲದ ಹತ್ತಿಯೇ ಸರಿ. ಎಳೆ ಉದುರಿದರೂ ಹತ್ತಿಗೆ ಹತ್ತಿ ಸೇರುತ್ತದೆ. ಬಣ್ಣದ ನೀರು, ಬಿಳುಪಿನ ನೀರು ಯಾವ ಹಳ್ಳಕ್ಕೂ ಹೋಗುವುದಿಲ್ಲ. ಅಂದರೆ ಕೋರಾ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬಟ್ಟೆಯನ್ನು ಹೊರಗಿನಿಂದ ತರಿಸಿದೆ; ನಮ್ಮೂರಲ್ಲಿ ಕೋರಾ ಯಾವುದಕ್ಕೆ ಕೊಳ್ಳುತ್ತಾರೆಂಬುದು ಆ ಸಂಭ್ರಮದಲ್ಲಿ ನೆನಪಾಗಲೇ ಇಲ್ಲ.

ಹೊಲಿಯಲು ಹಿಡಿದದ್ದು ನಮ್ಮ ಓಣಿಯ ಖಾಜಾ ಸಾಬರನ್ನು. ಗಂಡಸರ ಅಂಗಿಯದೇ ಅಳತೆ. ಜೇಬು ಬೇಡ, ಗುಂಡಿ ಒಡೆದು ಹತ್ತಿಗೆ ಬೀಳುತ್ತದೆ, ಆದ್ದರಿಂದ ಅದೇ ಬಟ್ಟೆಯ ಲಾಡಿ. ಅಷ್ಟಕ್ಕೆ ಅವರು ಒಪ್ಪಿದರು. ಆದರೆ ನಾನು ಅವರ ಹೊಲಿಗೆ ದಾರವನ್ನೂ ಸುಟ್ಟು ಮಣಿ ತೋರಿಸಿ ಹತ್ತಿಯ ದಾರ ಬೇಕೆಂದಾಗ ಕತ್ತರಿ ಕೆಳಗಿಟ್ಟರು.

"ಹತ್ತಿ ದಾರ ಈಗ ಎಲ್ಲಿ ಐತಿ ಟೀಚರಮ್ಮಾ? ಮಷೀನ್‌ನಾಗ ಪಟ್ ಅಂತ ಕಡೀತೈತಿ. ನಮ್ಮ ಅಬ್ಬಾ ಕಾಲದಾಗ ಇತ್ತು."

ಹೇಗೋ ಹುಡುಕಿಸಿ ತರಿಸಿಕೊಟ್ಟೆ. ಹತ್ತು ಹೊಲಿಗೆಗೊಮ್ಮೆ ದಾರ ಕಡಿಯುತ್ತಿತ್ತು, ಹತ್ತು ಹೊಲಿಗೆಗೊಮ್ಮೆ ಅವರು ನನ್ನ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಿದ್ದರು. "ಬಟ್ಟಿ ಮೊದಲು ನೀರಾಗ ನೆನಸ್ರಿ" ಎಂದೂ ಹೇಳಿದರು. ಅವಸರದಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ತಿಕ ಹುಟ್ಟಿ, ಮಳೆ ನಿಂತು, ಬಿಸಿಲು ಬಂದು, ಹತ್ತಿ ಗಾಡಿಗಳು ಗೇಟಿನಿಂದ ರಸ್ತೆಯವರೆಗೆ ನಿಲ್ಲುವ ಹೊತ್ತಿಗೆ ಹದಿನೆಂಟು ಕೋಟು ಸಿದ್ಧವಾದವು.

ಹಂಚಿದ ಆ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಪ್ಲಾಸ್ಟಿಕ್ ಚೀಲದಿಂದ ಕೋಟುಗಳನ್ನು ಎಣಿಸಿ ತೆಗೆದು, ಹೆಸರು ಕರೆದು, ಪರೀಕ್ಷೆಯ ಉತ್ತರ ಪತ್ರಿಕೆ ಕೊಟ್ಟಂತೆ ಕೊಟ್ಟೆ. ಎಳೆ, ಬಣ್ಣ, ಹಳ್ಳದ ನೀರು ಎಲ್ಲದರ ಬಗ್ಗೆ ಪಾಠವನ್ನೂ ಮಾಡಿದೆ. ಒಬ್ಬಳು ಕೋಟನ್ನು ಮೂಗಿಗೆ ಹಿಡಿದು ಥಟ್ಟನೆ ದೂರ ಮಾಡಿದಳು. ಉರುಕುಂದಮ್ಮ ತನ್ನದನ್ನು ಮಡಚಿ ಮೇಜಿನ ತುದಿಯಲ್ಲಿಟ್ಟಳು. ಅದರ ಮೇಲೆ ಇನ್ನೊಂದು, ಮತ್ತೊಂದು. ಹದಿನೆಂಟೂ ಒಟ್ಟಾದವು. ಹೆಂಗಸರು ಹಳೆಯ ಅಂಗಿ ತೊಟ್ಟು ಸಂಜೆಯವರೆಗೆ ಕೆಲಸ ಮಾಡಿ ಹೋದರು. ಮರುದಿನ ಶೆಡ್ಡಿಗೆ ಒಬ್ಬರೂ ಬರಲಿಲ್ಲ.

"ನಾನೇನೂ ಅನ್ನಂಗಿಲ್ಲ ಅತ್ತಿಗಿ" ಎಂದ ಬಸಣ್ಣ. "ಮಷೀನಿನವನಿಗೆ ಫೋನ್ ಮಾಡ್ತೀನಿ, ಅಷ್ಟ."

"ಎರಡು ದಿನ ತಡಿ" ಎಂದು ಆಟೋ ಹತ್ತಿ ಪೆದ್ದಹರಿವಾಣಕ್ಕೆ ಹೋದೆ. ದಾರಿಯುದ್ದಕ್ಕೂ ಅರಳಿದ ಹತ್ತಿಯ ಹೊಲಗಳು. ನನ್ನ ಮನಸ್ಸಿನಲ್ಲಿ ಸಿಟ್ಟಿತ್ತು. ಇವರ ಕೆಲಸ ಉಳಿಸಲು ನಾನು ಒದ್ದಾಡಿದರೆ ಇವರಿಗೆ ಇಷ್ಟು ಕೊಬ್ಬೇ ಎಂದು. ಉರುಕುಂದಮ್ಮ ಅಂಗಳದಲ್ಲಿ ಕೂಸು ಮೊಮ್ಮಗಳ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಕೂಡಲು ಚಾಪೆ ಹಾಕಿ, ನೀರು ಕೊಟ್ಟು, ಎದುರು ಕೂತು ನೇರವಾಗಿ ಹೇಳಿದಳು:

"ಹೆಣಕ್ಕ ಹೊದಿಸೋ ಬಟ್ಟಿ ಅದು ಟೀಚರಮ್ಮ. ನನ್ನ ಗಂಡಗ ಹೊದಿಸಿದ್ದು ಅದೇ. ಆ ವಾಸನಿ ಮೂಗಿಗೆ ಬಡೀತಿದ್ದಂಗ ಆ ದಿನ ಕಣ್ಣ ಮುಂದ ಬಂತು."

"ಹೊಲಿಸಿದ ಕೋಟು ಅಲ್ವಾ ಉರುಕುಂದಮ್ಮ? ಹೆಣಕ್ಕ ಯಾರು ಹೊಲಿಸಿದ್ದು ಹಾಕ್ತಾರ?"

"ಅದಕ್ಕ ನಾನೂ ಸಮಾಧಾನ ಮಾಡ್ಕೊಂತಿದ್ದೆ ಅನ್ರಿ. ಆದ್ರ ನೀವು ಕೊಟ್ಟ ರೀತಿ ಹೆಂಗಿತ್ತು? ಪಂಚಮಿಗೆ ನಿಮ್ಮ ಮನ್ಯಾಗ ಒಂದು ಜಂಪರ್ ಪೀಸ್ ಕೊಟ್ರೂ ಮೂಲಿಗೆ ಅರಿಶಿಣ ಹಚ್ಚಿ ಕೊಡ್ತೀರಿ. ಮಿಲ್ಲಿನ್ಯಾಗ ಹೊಸಾ ಬಟ್ಟಿ ಕೊಡುವಾಗ ಅರಿಶಿಣ ಎಲ್ಲಿತ್ರಿ? ತೊಳೀದ, ಅರಿಶಿಣ ಇಲ್ಲದ ಕೋರಾ ಹೆಣಕ್ಕ ಅಲ್ಲದ ಇನ್ಯಾರಿಗೆ ಕೊಡ್ತಾರ?"

ನನ್ನ ಸಿಟ್ಟು ಇಳಿದು ನಾಚಿಕೆಯಾಯಿತು. ನಮ್ಮ ಕಡೆ ಹೊಸ ಬಟ್ಟೆ ಎಂದರೆ ಕರ್ಚೀಫೇ ಇರಲಿ, ಮೂಲೆಗೆ ಚೂರು ಅರಿಶಿನ ಮುಟ್ಟಿಸದೆ ಮೈಗೆ ಹಾಕುವುದಿಲ್ಲ. ನನ್ನ ಮೊಮ್ಮಕ್ಕಳ ಜೀನ್ಸಿಗೂ ನಾನೇ ಹಚ್ಚುತ್ತೇನೆ. ಅದು ಗೊತ್ತಿಲ್ಲದ್ದಲ್ಲ. ಮಿಲ್ಲಿನ ಗೇಟು ದಾಟಿದೊಡನೆ ಅದು ಬಿಸಿನೆಸ್ಸು, ಅಲ್ಲಿ ಅರಿಶಿನವೇಕೆ, ಕೋಟಿಗೆ ಕಲೆಯಾದೀತು ಎಂದು ನನ್ನ ಕೈ ತಾನಾಗಿಯೇ ಹಿಂದೆ ಸರಿದಿತ್ತು. ಮನೆಗೆ ಬಂದ ಹೆಂಗಸಿಗೆ ಮಾಡುವ ಮರ್ಯಾದೆಯನ್ನು ನಾನು ಶೆಡ್ಡಿನ ಹೆಂಗಸಿಗೆ ಮಾಡಿರಲಿಲ್ಲ.

ಹಾಗೆ ಕೂತಾಗಲೂ ನನ್ನ ಚಟ ಬಿಡಲಿಲ್ಲ. ಆ ಮೊಮ್ಮಗಳನ್ನು ಮಲಗಿಸುವ ಬಟ್ಟೆ ಯಾವುದೆಂದು ಕೇಳಿದೆ. ಉರುಕುಂದಮ್ಮ ನಕ್ಕು ಬೆಂಕಿಪೆಟ್ಟಿಗೆ ತಂದುಕೊಟ್ಟಳು. ಮಣಿಯೇ. "ಹುಟ್ಟಿದ ಕೂಸಿಗೆ ಹಳೇ ಮೆತ್ತನ ಹತ್ತಿ ಬಟ್ಟಿ ಬೇಕಲ್ರಿ, ಹೊಸಾದು ಹಾಕಬಾರದು. ನನ್ನ ಮಕ್ಕಳನ್ನ ನಮ್ಮತ್ತಿ ಸೀರಿ ಹರದು ಸುತ್ತಿದ್ರು. ಈಕಿ ಹುಟ್ಟಿದಾಗ ಊರೆಲ್ಲಾ ಕೇಳಿದ್ವಿ, ಒಂದು ಹಳೇ ಹತ್ತಿ ಸೀರಿ ಯಾರ ಮನ್ಯಾಗೂ ಇಲ್ಲ. ಇದ್ನ ಸುತ್ತಿದ್ರ ಕೂಸಿನ ಮೈಯೆಲ್ಲಾ ಗುಳ್ಳಿ" ಎಂದಳು. ಸುತ್ತ ಕಣ್ಣು ಹಾಯುವವರೆಗೆ ಹತ್ತಿ ಬೆಳೆಯುವ ಊರಿನಲ್ಲಿ ಕೂತು ನಾನು ಅದನ್ನು ಕೇಳಿದೆ.

ಕೋಟು ತೊಳೆದು, ಅರಿಶಿನ ಹಚ್ಚಿಯೇ ಕೊಡುತ್ತೇನೆಂದು ಮಾತು ಕೊಟ್ಟು ಬಂದೆ. ಮರುದಿನ ಹದಿನೆಂಟು ಜನವೂ ಬಂದರು. ಮಿಲ್ಲಿನ ನೀರಿನ ತೊಟ್ಟಿಯಲ್ಲಿ ಅಂಟುವಾಳಕಾಯಿ ಹಾಕಿ ಕೋಟುಗಳನ್ನು ನೆನೆಸಿ, ತುಳಿದು, ಗಂಜಿ ಬಿಡಿಸಿದೆವು. ಮೂರು ನೀರು ಹಾಕಿದ ಮೇಲೆ ಆ ವಾಸನೆ ಹೋಯಿತು. ಅಂಗಳದಲ್ಲಿ ಒಣಗಿಸಿ ತೊಟ್ಟರೆ ತೋಳುಗಳು ಮುಂಗೈಯಿಂದ ಮೂರು ಬೆರಳು ಮೇಲೆ! ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಖಾಜಾ ಸಾಬರು ಬಂದು ನೋಡಿ ಬಹಳ ಸಂತೋಷದಿಂದ ತಲೆಯಾಡಿಸಿದರು. ಆದರೆ ಉರುಕುಂದಮ್ಮ ಮೇಜಿನ ಮೇಲೆ ಕೈ ಆಡಿಸಿ, "ತುಂಡಾಗಿದ್ದೇ ಚಲೋ ಆತು ಬಿಡ್ರಿ, ತೋಳು ಹತ್ತಿಗೆ ಅಡ್ಡ ಬರಂಗಿಲ್ಲ" ಎಂದಳು.

ನಾನು ಮನೆಯಿಂದ ಬೆಳ್ಳಿಯ ಬಟ್ಟಲಲ್ಲಿ ಅರಿಶಿನ ಕಲಸಿ ತಂದಿದ್ದೆ. ಒಬ್ಬೊಬ್ಬರ ಕೋಟಿನ ಮೂಲೆಗೂ ಹಚ್ಚುತ್ತ ಹೋದೆ. ಉರುಕುಂದಮ್ಮನ ಮುಂದೆ ಬಂದಾಗ ನನ್ನ ಬೆರಳು ಬಟ್ಟಲಲ್ಲೇ ಉಳಿಯಿತು. ಆಕೆ ವಿಧವೆ. ಆ ಸಾಲಿನಲ್ಲಿ ಅಂಥವರು ಏಳು ಮಂದಿ ಇದ್ದರು. ಹಚ್ಚಿದರೆ ಏನಂದುಕೊಳ್ಳುತ್ತಾರೋ, ಬಿಟ್ಟರೆ ಏನಂದುಕೊಳ್ಳುತ್ತಾರೋ ಎಂದು ನಾನು ತಡವರಿಸುತ್ತ ನಿಂತೆ.

"ಹಚ್ಚರಿ ಟೀಚರಮ್ಮ" ಎಂದಳು ಆಕೆ. "ಗಂಡ ಸತ್ತಿದ್ದು ನನಗ. ಬಟ್ಟಿಗೇನೂ ಸತ್ತಿಲ್ಲಲ್ಲ."

ಮೊದಲು ನಕ್ಕವರು ಆ ಉಳಿದ ಆರು ಮಂದಿ. ಆಮೇಲೆ ಇಡೀ ಶೆಡ್ಡೇ ನಕ್ಕಿತು. ನಾನು ಹಚ್ಚಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದಲೇ ಎಂದು ಅವರಿಗೆ ಹೇಳಿದೆ, ಅದು ಪೂರ್ತಿ ನಿಜವಲ್ಲ.

ಬಸಣ್ಣ ಹಳದಿ ಮೂಲೆಗಳನ್ನು ಕಂಡು ತಲೆ ಚಚ್ಚಿಕೊಂಡ. ಬಣ್ಣ ಬೇಡವೆಂದು ಇಷ್ಟೆಲ್ಲ ಮಾಡಿ ಕೊನೆಗೆ ನಾವೇ ಬಣ್ಣ ಹಚ್ಚಿದೆವಲ್ಲ ಎಂದು ಅವನ ಸಂಕಟ. ಮಾರ್ಗಶಿರದ ಚಳಿ ಬಂತು, ಹೋಯಿತು. ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾದು ಹತ್ತಿ ಹರವುವುದು, ಸಂಜೆ ಕೋಟುಗಳನ್ನು ಕೊಡವಿ ಶೆಡ್ಡಿನಲ್ಲೇ ಗೂಟಕ್ಕೆ ಹಾಕುವುದು, ಶನಿವಾರ ಒಗೆಯುವುದು. ದಿನಗಳು ಹಾಗೇ ಸಾಗಿದವು.

ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ ನೂಲಿನ ಮಿಲ್ಲಿನ ಮನುಷ್ಯ ಬಂದ. ತೆಳ್ಳಗಿನ, ಮಾತು ಕಡಿಮೆಯ ಆಸಾಮಿ. ತಮಿಳಿನವನು, ನಮ್ಮೊಡನೆ ತುಂಡುತುಂಡು ತೆಲುಗಿನಲ್ಲಿ ಮಾತಾಡುತ್ತಿದ್ದ. ನೆಲದ ಮೇಲೆ ಕಪ್ಪು ಬಟ್ಟೆ ಹಾಸಿ, ಬೇರೆ ಬೇರೆ ಬೇಲಿನಿಂದ ಹಿಡಿ ಹಿಡಿ ಹತ್ತಿ ತೆಗೆಸಿ, ಹರಡಿ, ಕನ್ನಡಕ ಹಣೆಗೇರಿಸಿ ನೋಡತೊಡಗಿದ. ಹೆಂಗಸರು ಕೋಟಿನಲ್ಲೇ ಗೋಡೆಗೆ ಸಾಲಾಗಿ ನಿಂತಿದ್ದರು. ನೀಲಿ ಇಲ್ಲ, ಕೆಂಪು ಇಲ್ಲ, ಪ್ಲಾಸ್ಟಿಕ್ ಇಲ್ಲ. ಕೊನೆಯ ಹಿಡಿಯಲ್ಲಿ ಆತನ ಚಿಮಟ ನಿಂತಿತು. ಬೆರಳುಗುರಿನಷ್ಟು ಒಂದು ಹಳದಿ ಎಳೆಯ ಗೊಂಚಲು.

ಬಸಣ್ಣ ನನ್ನ ಮುಖ ನೋಡಲಿಲ್ಲ. ಉರುಕುಂದಮ್ಮ ತನ್ನ ಕೋಟಿನ ಮೂಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅದನ್ನು ಕಂಡು ನನಗೆ ಧೈರ್ಯ ಬಂತೋ, ಹಟ ಬಂತೋ, "ಬಾಬು, ಬಯಟಿಕಿ ರಾಂಡಿ" ಎಂದು ಆತನನ್ನು ಹೊರಗೆ ಕರೆದೆ. ಆ ಎಳೆ ಹಿಡಿದು ನಾನು ಮುಂದೆ, ಆತ ಹಿಂದೆ, ಬಸಣ್ಣ, ಹದಿನೆಂಟು ಜನ ಹೆಂಗಸರು, ಎಲ್ಲರೂ ಗೇಟು ದಾಟಿ ಚಹಾದ ಹೋಟೆಲಿನ ಕಟ್ಟೆಗೆ ಹೋದೆವು. ಕಡ್ಡಿ ಗೀರಿದೆ. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದಕ್ಕೆ ಎಳೆ ಹತ್ತಿಕೊಂಡಿತು. ಕಾಗದ ಸುಟ್ಟ ವಾಸನೆ. ಆತನ ಅಂಗೈಗೆ ಹಾಕಿದ ಬೂದಿಯನ್ನು ಆತ ಬೆರಳಿನಿಂದ ಒತ್ತಿದ. ಪುಡಿಯಾಯಿತು.

"ಪತ್ತಿನೇ" ಎಂದ, ಹತ್ತಿಯೇ ಎಂದು. "ಆದರೆ ಹಳದಿ ಯಾಕೆ?"

ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಉರುಕುಂದಮ್ಮ ಮುಂದೆ ಬಂದು ಮುಷ್ಟಿ ಬಿಚ್ಚಿ, ಒಗೆದೊಗೆದು ಮಾಸಿದರೂ ಹಳದಿ ಉಳಿದಿದ್ದ ಕೋಟಿನ ಮೂಲೆ ತೋರಿಸಿದಳು. "ಪಸುಪು ಸಾರ್. ಕೊತ್ತ ಬಟ್ಟ ಕದಾ!" ಅರಿಶಿನ, ಹೊಸ ಬಟ್ಟೆಯಲ್ಲವೇ ಎಂದಳು.

ಆತ ಆ ಮೂಲೆಯನ್ನೇ ನೋಡುತ್ತಿದ್ದ. ಆಮೇಲೆ ತನ್ನ ಅಂಗಿಯ ಕಾಲರನ್ನು ಹೊರಳಿಸಿದ. ಪೊಂಗಲ್‌ಗೆಂದು ಹೊಲಿಸಿ, ಅವಸರದಲ್ಲಿ ಮುಂಚೆಯೇ ತೊಟ್ಟು ಬಂದ ಅಂಗಿಯಂತೆ. ಒಳಗೆ, ಹೊಲಿಗೆಯ ಹತ್ತಿರ, ಅವನ ತಾಯಿ ಹಚ್ಚಿದ ಹಳದಿ ಚುಕ್ಕೆ ಇತ್ತು. ಆ ದಿನ ಆತ ನಮ್ಮೆಲ್ಲರ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋದ. ಶೆಡ್ಡು ಉಳಿಯಿತು. ಮಷೀನು ಬರುವುದೇ ಇಲ್ಲ ಎಂದು ನಾನು ಹೇಳಲಾರೆ, ಬಸಣ್ಣ ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎನ್ನುತ್ತಾನೆ. ಇದುವರೆಗೆ ಬಂದಿಲ್ಲ.

ಕೋಟುಗಳು ವಾರವಾರ ನೀರು ಕಂಡು, ಬಿಸಿಲು ಕಂಡು, ಬೆಳ್ಳಗಾಗಿ ಮೆತ್ತಗಾದವು. ಈ ವರ್ಷ ಸುಗ್ಗಿ ಶುರುವಾಗುವ ಮುಂಚೆ ಗೂಟಗಳ ಮೇಲಿನ ಕೋಟುಗಳನ್ನು ಎಣಿಸಿದರೆ ಬರೀ ಐದು. ಉಳಿದವು ಎಲ್ಲಿ ಎಂದು ಉರುಕುಂದಮ್ಮನನ್ನು ಕೇಳಿದೆ. ನನ್ನನ್ನು ಮನೆಗೆ ಕರೆದೊಯ್ದಳು. ಮಗಳು ಎರಡನೆಯ ಹೆರಿಗೆಗೆ ಬಂದಿದ್ದಳು. ಕೂಸಿಗೆ ಒಂಬತ್ತು ದಿನ. ಹೊಲಿಗೆ ಬಿಚ್ಚಿದ ಕೋಟಿನ ಬೆನ್ನಿನ ಭಾಗದಲ್ಲಿ ಅದನ್ನು ಸುತ್ತಿ ಮಲಗಿಸಿದ್ದರು. ಅಂದು ಕೋಟನ್ನು ಮೂಸಿ ದೂರ ಮಾಡಿದವಳ ಮನೆಗೂ ಒಂದು ಹೋಗಿತ್ತಂತೆ. ಆ ಓಣಿ, ಈ ಓಣಿ, ಬಸುರಿ ಇದ್ದ ಮನೆಗಳಿಂದೆಲ್ಲ ಬಂದು ಕೇಳಿದ್ದರಂತೆ. ನಾನು ಬಗ್ಗಿ ಮೂಸಿದೆ. ಗಂಜಿಯ ವಾಸನೆ ಒಂದಿಷ್ಟೂ ಇರಲಿಲ್ಲ. ಎಣ್ಣೆ, ಹಾಲು, ಹೊಗೆ, ಅಷ್ಟೇ.

"ಸುಟ್ಟು ನೋಡ್ತೀರೇನ್ರಿ?" ಎಂದಳು ಉರುಕುಂದಮ್ಮ.

ಇತ್ತ ಬಟ್ಟೆ ಅಂಗಡಿಯಲ್ಲಿ ಶೆಟ್ಟರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಕೈಯಲ್ಲಿ ಕತ್ತರಿ, ಮುಖದಲ್ಲಿ ಸಾವಿನ ಮನೆಗೆ ತಕ್ಕ ಗಂಭೀರತೆ.

"ಯಾರೂ ಹೋಗಿಲ್ಲ ಶೆಟ್ರ" ಎಂದೆ. "ಹದಿಮೂರು ಕೂಸು ಬಂದಾವ. ಹದಿಮೂರು ಕೋಟಿಗೆ ಆಗೋವಷ್ಟು ಕೊಡ್ರಿ."